ಕರೆ ಇದೆ, ಸಂತೋಷ ಬತ್ತಿದೆ: ತಿಳಿದವರು ದಾರಿ ಹೇಳಿ

ಪ್ರಶ್ನೆ (ಒಬ್ಬ ಸಿಸ್ಟರ್, ಕಥೋಲಿಕ ಸನ್ಯಾಸಿನಿ):
ಅಂತಿಮ ವ್ರತ ಆಗಿ ಬಹಳ ವರ್ಷಗಳಾಗಿವೆ. ಬಲಿಪೂಜೆ (ಮಾಸ್), ಬ್ರೀವಿಯರಿ (ದಿನದ ಹೊತ್ತುಹೊತ್ತಿನ ಕೀರ್ತನೆ ಪ್ರಾರ್ಥನೆ), ಜಪಸರ, ಒಪ್ಪಿಸಿದ ಕೆಲಸ ಯಾವುದೂ ತಪ್ಪುತ್ತಿಲ್ಲ. ಆದರೆ ಎಲ್ಲವೂ ಹಾಜರಿ ಹಾಕಿದ ಹಾಗೆ ನಡೆಯುತ್ತಿದೆ. ಬೇರೆ ಬದುಕು ಬೇಕು ಅನ್ನಿಸುತ್ತಿಲ್ಲ, ಈ ಬದುಕಿನಲ್ಲಿ ಸಂತೋಷವೂ ಇಲ್ಲ. ದೇವರ ಕರೆಯೇ ಹೋಯಿತೇ? "ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತೆ" ಅನ್ನುವುದನ್ನು ಈಗಾಗಲೇ ಕೇಳಿಯಾಗಿದೆ. ನಾಳೆ ಬೆಳಗ್ಗೆಯಿಂದ ಮಾಡಲು ಆಗುವಂಥದ್ದನ್ನು ಹೇಳಿ.

ಧ್ಯಾನಕೂಟ ನಡೆಸುವ ಒಬ್ಬ ಗುರುಗಳು:
ಸಿಸ್ಟರ್, ಕರೆ ಇದೆಯೋ ಹೋಯಿತೋ ಅನ್ನುವ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ ಮನಸ್ಸಿನ ಏರಿಳಿತ ಗುರುತಿಸಲು ಕೊಟ್ಟ ನಿಯಮಗಳಲ್ಲಿ ಐದನೆಯದು ಇದೇ: ಮನಸ್ಸು ಬರಡಾಗಿರುವಾಗ, ನೆಮ್ಮದಿಯ ಕಾಲದಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಕೂಡದು. ವ್ರತ ಬಿಡುವುದಕ್ಕೆ ಮಾತ್ರವಲ್ಲ, ವರ್ಗಾವಣೆ ಕೇಳುವುದು, ಜವಾಬ್ದಾರಿಗೆ ರಾಜೀನಾಮೆ ಕೊಡುವುದು, ಇನ್ನೊಂದು ಸಭೆಗೆ (ಸನ್ಯಾಸಿನಿಯರ ಸಂಘಕ್ಕೆ) ಸೇರುವ ಯೋಚನೆ, ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಆರೋಗ್ಯ ಕೆಟ್ಟಿದ್ದರೆ ಅಥವಾ ಯಾರಾದರೂ ಹಿಂಸಿಸುತ್ತಿದ್ದರೆ ಮಾತ್ರ ಕಾಯಬಾರದು.

ಈಗ ನೋಡಬೇಕಾದದ್ದು ಇದು ಯಾವ ಬರಡುತನ ಅನ್ನುವುದು. ಹೊರಗಿನಿಂದ ಒಂದೇ ಥರ ಕಾಣುವ ಮೂರು ಸ್ಥಿತಿಗಳಿವೆ, ಮೂರಕ್ಕೂ ಮದ್ದು ಬೇರೆ ಬೇರೆ.

ಒಂದು, ಬರೀ ದಣಿವು. ಅದರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಕೆಳಗೆ ಹೇಳಲಿ.

ಎರಡು, ಮರುಭೂಮಿಯ ಸನ್ಯಾಸಿಗಳು ಅಸೀಡಿಯಾ ಎಂದು ಕರೆದದ್ದು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಎವಾಗ್ರಿಯಸ್ ಇದರ ಲಕ್ಷಣಗಳನ್ನು ಬರೆದಿಟ್ಟಿದ್ದಾನೆ. ಹಗಲು ಐವತ್ತು ಗಂಟೆಯಷ್ಟು ಉದ್ದ ಅನ್ನಿಸುತ್ತದೆ, ಕಣ್ಣು ಪದೇ ಪದೇ ಕಿಟಕಿಯತ್ತ ಹೋಗುತ್ತದೆ, ಇರುವ ಜಾಗ ಹಿಡಿಸುವುದಿಲ್ಲ, ಮಾಡುವ ಕೆಲಸ ಹಿಡಿಸುವುದಿಲ್ಲ, ಸಹೋದರರಲ್ಲಿ ಪ್ರೀತಿಯೇ ಉಳಿದಿಲ್ಲ ಅನ್ನಿಸುತ್ತದೆ, ಬೇರೆಲ್ಲಾದರೂ ಹೋದರೆ ದೇವರಿಗೆ ಇನ್ನೂ ಚೆನ್ನಾಗಿ ಸೇವೆ ಮಾಡಬಹುದಿತ್ತು ಅನ್ನುವ ಪವಿತ್ರವಾದ ನೆಪ ಹುಟ್ಟುತ್ತದೆ. ಈಗ ಕಿಟಕಿಯ ಜಾಗಕ್ಕೆ ಮೊಬೈಲ್ ಬಂದಿದೆ, ಅಷ್ಟೇ ವ್ಯತ್ಯಾಸ. ಇದಕ್ಕೆ ಮದ್ದು ಇದ್ದಲ್ಲೇ ಇರುವುದು, ಕೈಯಿಂದ ಮಾಡುವ ಕೆಲಸ, ಹಿಡಿದದ್ದನ್ನು ಮುಗಿಸುವುದು. ಜಾಗ ಬದಲಿಸಿದರೆ ಕೆಲವು ತಿಂಗಳು ಹಗುರಾಗಿ ಮತ್ತೆ ಅದೇ ಬರುತ್ತದೆ.

ಮೂರು, ಹದಿನಾರನೇ ಶತಮಾನದ ಸ್ಪೇನಿನ ಶಿಲುಬೆಯ ಸಂತ ಯೊವಾನ್ನರು ವಿವರಿಸಿದ ಕತ್ತಲ ರಾತ್ರಿ. ಅವರು ಮೂರು ಗುರುತು ಕೊಡುತ್ತಾರೆ, ಮೂರೂ ಒಟ್ಟಿಗೆ ಇರಬೇಕು. ದೇವರ ವಿಷಯದಲ್ಲಿ ರುಚಿಯಿಲ್ಲ, ಲೋಕದ ವಿಷಯದಲ್ಲೂ ರುಚಿಯಿಲ್ಲ. ಹಾಗಿದ್ದೂ ಮನಸ್ಸು ದೇವರ ಕಡೆಗೇ ತಿರುಗಿ, "ನಾನು ಸರಿಯಾಗಿ ಸೇವೆ ಮಾಡುತ್ತಿಲ್ಲ" ಎಂದು ನೋಯುತ್ತಿರುತ್ತದೆ. ಮೊದಲಿನಂತೆ ಚಿತ್ರ ಕಟ್ಟಿಕೊಂಡು, ವಿಚಾರ ಮಾಡುತ್ತಾ ಧ್ಯಾನಿಸಲು ಎಷ್ಟು ಪ್ರಯತ್ನಪಟ್ಟರೂ ಆಗುವುದಿಲ್ಲ. ದೇವರಲ್ಲಿ ರುಚಿ ಹೋಗಿ ಧಾರಾವಾಹಿ, ಹರಟೆ, ಪ್ರವಾಸದಲ್ಲಿ ರುಚಿ ಉಳಿದಿದ್ದರೆ ಅದು ರಾತ್ರಿಯಲ್ಲ, ಉತ್ಸಾಹ ಇಳಿದಿರುವುದು. ಎಲ್ಲದರಲ್ಲೂ ರುಚಿ ಹೋಗಿ, ದೇವರ ಚಿಂತೆಯೂ ಇಲ್ಲದಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಮೂರೂ ಗುರುತಿದ್ದರೆ ಬಲವಂತದ ಧ್ಯಾನ ನಿಲ್ಲಿಸಿ, ಏನೂ ಮಾಡದೆ ದೇವರ ಸನ್ನಿಧಿಯಲ್ಲಿ ಪ್ರೀತಿಯಿಂದ ಸುಮ್ಮನೆ ಕುಳಿತಿರುವುದೇ ಪ್ರಾರ್ಥನೆ. ಇಲ್ಲಿ ಕೆಡುವುದು ಮಾರ್ಗದರ್ಶಕರಿಂದಲೇ. "ಇನ್ನೂ ಗಮನ ಕೊಟ್ಟು ಧ್ಯಾನಿಸಿ" ಎಂದು ಹಳೆಯ ದಾರಿಗೇ ತಳ್ಳುತ್ತಾರೆ.

ಎರಡು ವಾರ ಒಂದು ಪುಟ್ಟ ಪುಸ್ತಕ ಇಡಿ. ಮಲಗುವ ಮುನ್ನ ಮೂರೇ ಸಾಲು: ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ, ಇವತ್ತು ಮನಸ್ಸು ಹಗುರಾದ ಕ್ಷಣ ಯಾವುದು, ಭಾರವಾದದ್ದು ಯಾವಾಗ. ಕಾರಣ ಬರೆಯಬೇಡಿ, ಘಟನೆ ಮಾತ್ರ. ಎರಡು ವಾರದ ಸಾಲುಗಳನ್ನು ಒಟ್ಟಿಗೆ ಓದಿದರೆ ಮೂರರಲ್ಲಿ ಯಾವುದು ಅನ್ನುವುದು ಬಹುಪಾಲು ತಿಳಿಯುತ್ತದೆ.

ಆಪ್ತಸಮಾಲೋಚನೆ ಮಾಡುವ ಒಬ್ಬ ಸಿಸ್ಟರ್:
ಫಾದರ್ ಬಿಟ್ಟುಕೊಟ್ಟ ಮೊದಲನೆಯದನ್ನು ನಾನು ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಎಲ್ಲರೂ ನೇರ ಮೂರನೆಯದಕ್ಕೆ ಹಾರುತ್ತಾರೆ. ಕತ್ತಲ ರಾತ್ರಿ ಅಂದುಕೊಂಡರೆ ಗೌರವ ಇರುತ್ತದಲ್ಲ!

ಮೊದಲು ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ವಿಟಮಿನ್ ಬಿ12, ವಿಟಮಿನ್ ಡಿ. ರಕ್ತಹೀನತೆಯಾಗಲಿ ಥೈರಾಯ್ಡ್ ಕೊರತೆಯಾಗಲಿ ಇದ್ದರೆ ಸುಸ್ತು, ನಿರಾಸಕ್ತಿ, ಗಮನ ಚದುರುವುದು ಎಲ್ಲವೂ ಬರುತ್ತದೆ. ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡು ಪ್ರಯೋಜನವಿಲ್ಲ. ನಲವತ್ತೈದರ ಆಸುಪಾಸಿನ ಸಿಸ್ಟರ್‌ಗಳಾದರೆ ಮುಟ್ಟು ನಿಲ್ಲುವ ಕಾಲದ ನಿದ್ರಾಭಂಗ, ಸಿಡುಕು, ಅಳು ಬರುವುದನ್ನೂ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಕಾನ್ವೆಂಟಿನಲ್ಲಿ ಇದನ್ನು ಯಾರೂ ಮಾತಾಡುವುದಿಲ್ಲ.

ಆಮೇಲೆ ನಿದ್ದೆ. ಬೆಳಗ್ಗೆ ಐದಕ್ಕೆ ಏಳಬೇಕಾದವರು ರಾತ್ರಿ ಹನ್ನೊಂದೂವರೆವರೆಗೆ ಲೆಕ್ಕಪತ್ರ ನೋಡುತ್ತಾ ಕುಳಿತರೆ ಐದೂವರೆ ಗಂಟೆಯ ನಿದ್ದೆಯಾಯಿತು. ದೊಡ್ಡವರಿಗೆ ಬೇಕಿರುವುದು ಏಳರಿಂದ ಎಂಟು ಗಂಟೆ. ನಾಲ್ಕು ವಾರ ರಾತ್ರಿ ಒಂಬತ್ತೂವರೆಗೆ ಫೋನ್ ಕೋಣೆಯ ಹೊರಗಿಟ್ಟು ಮಲಗಿ ನೋಡಿ, ಆಮೇಲೆ ಕರೆಯ ಬಗ್ಗೆ ಮಾತಾಡೋಣ. ಬೈಬಲಿನಲ್ಲಿ ಎಲೀಯ ಪ್ರವಾದಿ ಸತ್ತರೆ ಸಾಕು ಎಂದು ಮರದಡಿ ಮಲಗಿದಾಗ ದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು. ಹೋರೇಬ್ ಬೆಟ್ಟದಲ್ಲಿ ದೇವರು ಆಡಿದ ಮಾತು ಆಮೇಲಿನದು.

ಕೆಲಸದ ದಣಿವಿಗೆ ವಿಶ್ವ ಆರೋಗ್ಯ ಸಂಸ್ಥೆ ಮೂರು ಲಕ್ಷಣ ಹೇಳುತ್ತದೆ: ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ತಾತ್ಸಾರ ಬರುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಖಿನ್ನತೆ ಬೇರೆ. ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು ಕೆಡುವುದು. ಒಂದು ಒರಟು ಪರೀಕ್ಷೆ ಇದೆ: ಒಂದು ವಾರ ಕೆಲಸದಿಂದ ದೂರವಿದ್ದಾಗ ನಗು, ಹಸಿವು ಮರಳಿದರೆ ಅದು ಕೆಲಸದ ದಣಿವಿರಬಹುದು. ರಜೆಯಲ್ಲೂ ಅದೇ ಭಾರ ಇದ್ದರೆ ಮನೋವೈದ್ಯರ ಬಳಿ ಹೋಗಿ. ಸಾಯುವ ಯೋಚನೆ ಬಂದರೆ ಅದೇ ದಿನ ಯಾರಿಗಾದರೂ ಹೇಳಿ, ಅದೇ ದಿನ ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ. ಮಾತ್ರೆ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ. ಚೆನ್ನಾಗಿದ್ದೇನೆ ಅನ್ನಿಸಿದ ಕೂಡಲೇ ತಾವಾಗಿ ನಿಲ್ಲಿಸುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು.

ಒಬ್ಬ ಬ್ರದರ್:
ಉದ್ದ ಬರೆಯುವುದಿಲ್ಲ. ಗೊಣಗಾಟ ನಿಲ್ಲಿಸಿ. ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ತಮ್ಮ ನಿಯಮಾವಳಿಯಲ್ಲಿ ಊಟದ ಬಗ್ಗೆ ಹೇಳುವಾಗಲೂ, ವಿಧೇಯತೆಯ ಬಗ್ಗೆ ಹೇಳುವಾಗಲೂ ಮತ್ತೆ ಮತ್ತೆ ಬೈಯುವುದು ಗೊಣಗಾಟವನ್ನೇ. ದೂರು ಇದ್ದರೆ ಪರಿಹರಿಸಬಲ್ಲವರಿಗೆ ಒಂದು ಸಲ ಹೇಳಿ. ಪರಿಹರಿಸಲಾಗದ ಮೂವರಿಗೆ ಹೇಳಿದರೆ ನಾಲ್ವರ ಸಂತೋಷ ಹೋಗುತ್ತದೆ.

ನವಶಿಷ್ಯೆಯರ ತರಬೇತಿ ನೋಡುವ ಒಬ್ಬ ಸಿಸ್ಟರ್:
ಬ್ರದರ್ ಹೇಳಿದ್ದು ಸರಿ, ಆದರೆ ಬಾಯಿ ಮುಚ್ಚಿಕೊಂಡ ಮಾತ್ರಕ್ಕೆ ಒಳಗೆ ತುಂಬುವುದಿಲ್ಲ. ಪ್ರಾರ್ಥನೆಯ ವಿಷಯ ಹೇಳುತ್ತೇನೆ. ಹೆಚ್ಚು ಪ್ರಾರ್ಥನೆ ಬೇಡ, ಇರುವುದರಲ್ಲೇ ಒಂದನ್ನು ಸರಿಪಡಿಸಿಕೊಳ್ಳಿ. ಬರಡಾದಾಗ ನವೇನಾ (ಒಂಬತ್ತು ದಿನದ ಪ್ರಾರ್ಥನೆ) ಮೇಲೆ ನವೇನಾ ಸೇರಿಸುವವರು ಬೇಗ ಸೋಲುತ್ತಾರೆ.

ಬೆಳಗಿನ ಧ್ಯಾನದ ಅರ್ಧ ಗಂಟೆಯನ್ನೇ ತೆಗೆದುಕೊಳ್ಳಿ. ಅದು ಕೆಡುವುದು ಹಿಂದಿನ ರಾತ್ರಿಯೇ. ಯಾವ ವಾಕ್ಯ ಎಂದು ಗೊತ್ತಿಲ್ಲದೆ ಚಾಪೆಲ್‌ಗೆ ಬಂದರೆ ಮೊದಲ ಹತ್ತು ನಿಮಿಷ ಪುಟ ತಿರುವುವುದರಲ್ಲಿ, ಉಳಿದದ್ದು ತೂಕಡಿಕೆಯಲ್ಲಿ ಮುಗಿಯುತ್ತದೆ. ರಾತ್ರಿ ಮಲಗುವ ಮುಂಚೆ ಮರುದಿನದ ಬಲಿಪೂಜೆಯ ಶುಭಸಂದೇಶ (ಬೈಬಲಿನ ಯೇಸುಚರಿತೆಯ ಭಾಗ) ಒಮ್ಮೆ ಓದಿ, ಎಂಟು ಹತ್ತು ಸಾಲಿಗಿಂತ ಹೆಚ್ಚು ಬೇಡ. ಬೆಳಗ್ಗೆ ಬಂದು ಮೊದಲ ಎರಡು ಮೂರು ನಿಮಿಷ ಉಸಿರು ಗಮನಿಸಿ, ಎದುರಿಗೆ ಯಾರಿದ್ದಾರೆ ಅನ್ನುವುದನ್ನು ನೆನೆಯಿರಿ. ಆಮೇಲೆ ವಾಕ್ಯವನ್ನು ತುಟಿ ಅಲುಗುವಷ್ಟು ಮೆಲ್ಲಗೆ ಎರಡು ಸಲ ಓದಿ. ಯಾವ ಪದದಲ್ಲಿ ಮನಸ್ಸು ನಿಂತಿತೋ ಅಲ್ಲೇ ನಿಲ್ಲಿ, ಮುಂದಕ್ಕೆ ಹೋಗುವ ಆತುರ ಬೇಡ. ಕೊನೆಯ ಐದು ನಿಮಿಷ ಯೇಸುಸ್ವಾಮಿಯೊಡನೆ ನೇರ ಮಾತು, ಸಿಟ್ಟಿದ್ದರೆ ಸಿಟ್ಟನ್ನೇ. ಬೈಬಲಿನ ಎಷ್ಟೋ ಕೀರ್ತನೆಗಳು ಹಾಗೆಯೇ ಇವೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ.

ಧ್ಯಾನವನ್ನು ಪಾಠದ ತಯಾರಿ ಮಾಡಬೇಡಿ. ಶಾಲೆಯಲ್ಲಿ, ಧರ್ಮಬೋಧನೆಯಲ್ಲಿ ಇರುವವರ ಮನಸ್ಸು "ಇದನ್ನು ಮಕ್ಕಳಿಗೆ ಹೇಗೆ ಹೇಳಲಿ" ಎಂದು ಓಡುತ್ತದೆ. ಸಿಕ್ಕಿದ್ದನ್ನು ಆ ದಿನ ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದರೆ ಈ ಚಟ ಬಿಡುತ್ತದೆ.

ಬ್ರೀವಿಯರಿಯಲ್ಲಿ ವೇಗವೇ ಶತ್ರು. ಪ್ರತಿ ವಚನದ ನಡುವೆ ನಿಲ್ಲುವ ಗುರುತಿನಲ್ಲಿ ಒಂದು ಉಸಿರಿನಷ್ಟು ನಿಂತರೂ ಒಟ್ಟು ಹೊತ್ತು ಎರಡು ಮೂರು ನಿಮಿಷ ಮಾತ್ರ ಹೆಚ್ಚುತ್ತದೆ. ಸಮುದಾಯ ಒಪ್ಪದಿದ್ದರೆ ಒಂದು ಕೀರ್ತನೆಗಾದರೂ ಕೇಳಿಕೊಳ್ಳಿ.

ಇನ್ನೊಂದು, ನಿಮ್ಮ ವ್ರತದ ಸೂತ್ರವನ್ನು (ವ್ರತ ತೊಡುವಾಗ ಹೇಳಿದ ಮಾತುಗಳನ್ನು) ಕೈಯಿಂದ ಬರೆದು ಬೈಬಲಿನಲ್ಲಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ, ಭಾನುವಾರ ಪರಮಪ್ರಸಾದದ ನಂತರ, ಮೆಲ್ಲನೆ ಓದಿ. ವಾರ್ಷಿಕೋತ್ಸವದ ದಿನ ಎಲ್ಲರೊಂದಿಗೆ ಗಟ್ಟಿಯಾಗಿ ಓದುವಾಗ ದಾಟಿಹೋಗುವ ಪದಗಳು ಒಬ್ಬರೇ ಓದುವಾಗ ತಡೆಯುತ್ತವೆ. ನಿಮ್ಮ ಸಭೆಯ ಸ್ಥಾಪಕರ ಪತ್ರಗಳಿದ್ದರೆ ಅವನ್ನೂ ಓದಿ. ಜೀವನ ಚರಿತ್ರೆ ಬೇಡ, ಪತ್ರಗಳು. ಚರಿತ್ರೆಯಲ್ಲಿ ಅವರು ಸಂತರು. ಪತ್ರಗಳಲ್ಲಿ ಸಾಲ, ಜ್ವರ, ಜಗಳ, ಹಟ ಎಲ್ಲ ಇರುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಥಾಪಕರ ಮೂಲ ಪ್ರೇರಣೆಗೆ ಮರಳಿ ಎಂದದ್ದು ಇಡೀ ಸಭೆಗಳಿಗೆ, ಆದರೆ ಒಬ್ಬೊಬ್ಬರಿಗೂ ಅದು ಬೇಕು.

ಧ್ಯಾನಕೂಟ ನಡೆಸುವ ಗುರುಗಳು, ಮತ್ತೆ:
ವಾರ್ಷಿಕ ಧ್ಯಾನಕೂಟವನ್ನು ಸಿಸ್ಟರ್ ಮುಟ್ಟಲಿಲ್ಲ, ಅದನ್ನು ಸೇರಿಸುತ್ತೇನೆ. ಪ್ರವಚನ ಕೇಳುವ ಧ್ಯಾನಕೂಟದಲ್ಲಿ ವರ್ಷಗಟ್ಟಲೆ ಅಡಗಿಕೊಂಡಿರಬಹುದು. ಈ ಸಲ ಒಬ್ಬೊಬ್ಬರಿಗೆ ಮಾರ್ಗದರ್ಶನ ಕೊಡುವ ಎಂಟು ದಿನದ ಧ್ಯಾನಕೂಟ ಕೇಳಿ. ದಿನಕ್ಕೆ ನಾಲ್ಕು ಪ್ರಾರ್ಥನೆ, ಒಂದೊಂದು ಒಂದು ಗಂಟೆ, ಪ್ರತಿಯೊಂದರ ನಂತರ ಕಾಲು ಗಂಟೆ ಬೇರೆ ಜಾಗದಲ್ಲಿ ಕುಳಿತು ಏನಾಯಿತು ಎಂದು ಬರೆಯುವುದು, ಮಾರ್ಗದರ್ಶಕರ ಜೊತೆ ದಿನಕ್ಕೆ ಅರ್ಧ ಗಂಟೆ. ಪ್ರಾರ್ಥನೆ ಒಣಗಿದಾಗ ಗಂಟೆ ಮುಗಿಯುವ ಮುಂಚೆ ಎದ್ದು ಹೋಗುವ ಆಸೆ ಬರುತ್ತದೆ. ಇಗ್ನೇಷಿಯಸ್ ಹೇಳುವಂತೆ ಆಗ ಒಂದೆರಡು ನಿಮಿಷ ಹೆಚ್ಚೇ ಕೂರಬೇಕು. ರುಚಿ ಸಿಕ್ಕ ಅಥವಾ ತೀರಾ ಒಣಗಿದ ವಾಕ್ಯಕ್ಕೇ ಮರುದಿನ ಮರಳಬೇಕು, ಹೊಸದಕ್ಕೆ ಓಡಬಾರದು.

ಕೆಡುವುದು ಹೀಗೆ: ಓದದೆ ಉಳಿದ ಪುಸ್ತಕಗಳ ಚೀಲ ತರುತ್ತಾರೆ, "ತುರ್ತಿಗೆ" ಎಂದು ಫೋನ್ ಇಟ್ಟುಕೊಳ್ಳುತ್ತಾರೆ, ಮೂರನೇ ದಿನ ಬೇಸರ ಬಂದಾಗ ಬಟ್ಟೆ ಒಗೆಯಲು ಶುರುಮಾಡುತ್ತಾರೆ. ಮೊದಲ ದಿನ ನಿದ್ದೆ ಬಂದರೆ ಮಲಗಿ, ಅದು ಸೋಮಾರಿತನವಲ್ಲ.

ಹಿಂದೆ ಹೇಳದೆ ಬಿಟ್ಟದ್ದು ಒಂದಿದೆ. ಬರಡುತನಕ್ಕೆ ಇಗ್ನೇಷಿಯಸ್ ಮೂರು ಕಾರಣ ಕೊಡುತ್ತಾರೆ: ನಮ್ಮ ಅಲಕ್ಷ್ಯ, ಪ್ರತಿಫಲವಿಲ್ಲದೆ ಎಷ್ಟು ದೂರ ನಡೆಯುತ್ತೇವೆ ಅನ್ನುವ ಪರೀಕ್ಷೆ, ಸಾಂತ್ವನ ನಮ್ಮ ಸಂಪಾದನೆಯಲ್ಲ ಎಂದು ತಿಳಿಸುವುದು. ವ್ರತಸ್ಥರು ಮೊದಲನೆಯದನ್ನೇ ಹಿಡಿದು ತಮ್ಮನ್ನು ಹೊಡೆದುಕೊಳ್ಳುತ್ತಾರೆ. ಅವಿಲದ ಸಂತ ತೆರೇಸಾ 1535ರಲ್ಲಿ ಮಠ ಸೇರಿದವರು, ಅವರ ಪ್ರಾರ್ಥನೆ ನಿಜವಾಗಿ ತಿರುಗಿದ್ದು 1554ರಲ್ಲಿ, ಗಾಯಗೊಂಡ ಕ್ರಿಸ್ತರ ಪ್ರತಿಮೆಯ ಮುಂದೆ. ನಡುವಿನ ವರ್ಷಗಳಲ್ಲಿ ಅವರು ಮಠದ ಬದುಕನ್ನು ಬಿಡಲಿಲ್ಲ.

ಆಡಳಿತದ ಅನುಭವವಿರುವ ಒಬ್ಬ ಹಿರಿಯ ಸಿಸ್ಟರ್:
ಎಲ್ಲರೂ ಚಾಪೆಲ್ ಸುತ್ತಲೇ ಇದ್ದೀರಿ. ಸಂತೋಷ ಹೋಗುವುದು ಬಹಳ ಸಲ ಮೇಜಿನ ಹಿಂದೆ. ಬಡವರಿಗಾಗಿ ಬಂದವಳು ಹತ್ತು ವರ್ಷದ ನಂತರ ಕಡತ, ಕಟ್ಟಡ, ಪರವಾನಗಿ, ಸಿಬ್ಬಂದಿ ಜಗಳ ನೋಡುತ್ತಿರುತ್ತಾಳೆ. ಪೋಪ್ ಫ್ರಾನ್ಸಿಸ್ 2013ರ ಪ್ರಬೋಧನಾ ಪತ್ರದಲ್ಲಿ ಇದನ್ನೇ ಹೇಳಿದರು: ತೊಂದರೆ ಯಾವಾಗಲೂ ಹೆಚ್ಚು ಕೆಲಸದ್ದಲ್ಲ, ಸರಿಯಾದ ಪ್ರೇರಣೆಯಿಲ್ಲದೆ ಮಾಡುವ ಕೆಲಸದ್ದು.

ಹಾಗಾಗಿ ಲೆಕ್ಕ ಹಾಕಿ. ಕಳೆದ ವಾರ ನಿಮ್ಮ ಸಭೆ ಯಾರಿಗಾಗಿ ಹುಟ್ಟಿತೋ ಅವರ ಮುಖ ನೋಡಿ ಎಷ್ಟು ಗಂಟೆ ಕಳೆದಿರಿ? ಸೊನ್ನೆಯಾದರೆ ವಾರಕ್ಕೆ ಎರಡು ಗಂಟೆ, ಒಂದೇ ನಿಗದಿತ ದಿನ, ಡೈರಿಯಲ್ಲಿ ಬರೆದು ಹಿಡಿದಿಡಿ. ರೋಗಿಯ ಪಕ್ಕ ಕೂರುವುದು, ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಓದಿಸುವುದು, ಒಂಟಿ ವೃದ್ಧರ ಮನೆಗೆ ಹೋಗುವುದು. ಮೇಲ್ವಿಚಾರಣೆ ಲೆಕ್ಕಕ್ಕಿಲ್ಲ, ಫೋಟೋ ತೆಗೆಯುವ ಕಾರ್ಯಕ್ರಮವಂತೂ ಲೆಕ್ಕಕ್ಕೇ ಇಲ್ಲ. ಸುಪೀರಿಯರ್‌ಗೆ (ಮನೆಯ ಮುಖ್ಯಸ್ಥೆಗೆ) ಮೊದಲೇ ಹೇಳಿಡಿ, ಇಲ್ಲದಿದ್ದರೆ ಮೂರನೇ ವಾರ ಮೀಟಿಂಗ್ ಬಂದು ಆ ಹೊತ್ತನ್ನು ನುಂಗುತ್ತದೆ.

ಮನೆಯೊಳಗಿನದೂ ಅಷ್ಟೇ ಮುಖ್ಯ. ಸಂತ ತೆರೇಸಾ ಸುಧಾರಿಸಿದ ಮಠದಲ್ಲಿ ದಿನಕ್ಕೆ ಎರಡು ಗಂಟೆ ಮೌನ ಪ್ರಾರ್ಥನೆ, ಎರಡು ಗಂಟೆ ವಿನೋದ. ಸಮ ಸಮ! ಇಂದಿನ ಎಷ್ಟೋ ಮನೆಗಳಲ್ಲಿ ವಿನೋದ ಅಂದರೆ ಟಿವಿಯ ಮುಂದೆ ಸಾಲಾಗಿ ಕುಳಿತು ತಂತಮ್ಮ ಫೋನ್ ನೋಡುವುದು. ವಾರಕ್ಕೆ ಎರಡು ರಾತ್ರಿ ಟಿವಿ, ಫೋನ್ ಎರಡೂ ಇಲ್ಲದೆ ನಲವತ್ತು ನಿಮಿಷ ಸಾಕು: ಹಾಡು, ಆಟ, ಒಟ್ಟಿಗೆ ಅಡುಗೆ. ಮೊದಲ ಮೂರು ನಾಲ್ಕು ಸಲ ಮುಜುಗರವಾಗುತ್ತದೆ, ಯಾರೋ ಒಬ್ಬರು ತಲೆನೋವು ಅನ್ನುತ್ತಾರೆ. ಅಲ್ಲಿಗೆ ಕೈಬಿಡುವುದರಿಂದಲೇ ಇದು ಯಾವ ಮನೆಯಲ್ಲೂ ನಿಲ್ಲುವುದಿಲ್ಲ. ಸುಪೀರಿಯರ್ ಆಜ್ಞೆಯಾಗಿ ತಂದರೂ ನಿಲ್ಲುವುದಿಲ್ಲ. ಇಬ್ಬರು ಸಿಸ್ಟರ್‌ಗಳು ಸೇರಿ ಶುರುಮಾಡಬೇಕು.

ಪ್ರಶ್ನೆ ಕೇಳಿದ ಸಿಸ್ಟರ್:
ಎಲ್ಲರಿಗೂ ವಂದನೆ. ಎರಡು ವಿಷಯ. ಇದನ್ನು ಸುಪೀರಿಯರ್‌ಗೆ ಹೇಳಲೇಬೇಕೇ? ಹೇಳಿದರೆ ನಾಳೆ ಕಡತದಲ್ಲಿ ಸೇರುತ್ತದೋ ಅನ್ನುವ ಭಯ. ಮತ್ತೆ, ಕೆಲವು ತಿಂಗಳು ದೂರ ಇರಬೇಕು ಅನ್ನಿಸಿದರೆ ಏನು ಮಾಡಬೇಕು?

ಧರ್ಮಸಭೆಯ ಕಾನೂನು ಬಲ್ಲ ಒಬ್ಬ ಗುರುಗಳು:
ಒಳಮನಸ್ಸನ್ನು ತೆರೆಯುವಂತೆ ನಿಮ್ಮನ್ನು ಯಾವ ಸುಪೀರಿಯರ್ ಕೂಡ ಒತ್ತಾಯಿಸುವಂತಿಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆಯ ಕ್ಯಾನನ್ (ವಿಧಿ) 630 ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ನೀವಾಗಿ ಹೇಳುವ ಸ್ವಾತಂತ್ರ್ಯ ಮಾತ್ರ ಇದೆ. ಪಾಪನಿವೇದನೆಯ ಗುರು, ಆತ್ಮಿಕ ಮಾರ್ಗದರ್ಶಕರ ಆಯ್ಕೆಯಲ್ಲೂ ನಿಮಗೆ ನ್ಯಾಯವಾದ ಸ್ವಾತಂತ್ರ್ಯ ಇರಬೇಕು. ವೈದ್ಯರ, ಸಮಾಲೋಚಕರ ವರದಿಯ ವಿಷಯಕ್ಕೆ ಕ್ಯಾನನ್ 220 ನಿಮ್ಮ ಖಾಸಗಿತನವನ್ನು ಕಾಯುತ್ತದೆ. ಯಾರಿಗೆ ಎಷ್ಟು ತಿಳಿಸಬಹುದು ಅನ್ನುವುದನ್ನು ಮೊದಲ ಭೇಟಿಯಲ್ಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ, ಖರ್ಚು ಸಭೆಯೇ ಕೊಡುತ್ತಿದ್ದರೂ ಸರಿ. ಸುಪೀರಿಯರ್‌ಗೆ "ದಣಿದಿದ್ದೇನೆ, ವಿಶ್ರಾಂತಿ ಬೇಕು" ಎಂದು ಹೇಳುವುದು ಬೇರೆ, ಆತ್ಮದ ಒಳಗನ್ನು ಬಿಚ್ಚಿಡುವುದು ಬೇರೆ. ಮೊದಲನೆಯದು ಸಾಕು.

ದೂರವಿರುವುದರಲ್ಲಿ ಮೆಟ್ಟಿಲುಗಳಿವೆ, ಕೆಳಗಿನದರಿಂದ ಶುರುಮಾಡಿ. ಕ್ಯಾನನ್ 661ರ ಪ್ರಕಾರ ತರಬೇತಿ ಜೀವನಪೂರ್ತಿ ನಡೆಯಬೇಕು, ಅದಕ್ಕೆ ಸಮಯ ಮತ್ತು ಅನುಕೂಲ ಒದಗಿಸುವುದು ಸುಪೀರಿಯರ್‌ಗಳ ಹೊಣೆ. ಮೂರರಿಂದ ಆರು ತಿಂಗಳ ನವೀಕರಣ ತರಬೇತಿಯನ್ನು ಈ ನೆಲೆಯಲ್ಲೇ ಕೇಳಬಹುದು, ಅದು ದಯೆ ಕೇಳುವುದಲ್ಲ. ಸಮುದಾಯದ ಹೊರಗೆ ವಾಸಿಸಬೇಕಾದರೆ ಕ್ಯಾನನ್ 665: ನ್ಯಾಯವಾದ ಕಾರಣಕ್ಕೆ ಪ್ರೊವಿನ್ಶಿಯಲ್ (ಪ್ರಾಂತ್ಯದ ಮುಖ್ಯಸ್ಥರು) ತಮ್ಮ ಸಲಹಾ ಮಂಡಳಿಯ ಒಪ್ಪಿಗೆಯೊಂದಿಗೆ ಒಂದು ವರ್ಷದವರೆಗೆ ಅನುಮತಿ ಕೊಡಬಹುದು. ಚಿಕಿತ್ಸೆ, ಓದು, ಸಭೆಯ ಹೆಸರಿನ ಸೇವೆಗೆ ಆ ಒಂದು ವರ್ಷದ ಮಿತಿಯಿಲ್ಲ.

ಅದರ ಮೇಲಿನದು ಕ್ಯಾನನ್ 686, ವ್ರತದಲ್ಲಿದ್ದುಕೊಂಡೇ ಮಠದ ಹೊರಗಿನ ಬದುಕು. ಗಂಭೀರ ಕಾರಣ ಬೇಕು, ಇಡೀ ಸಭೆಯ ಮುಖ್ಯಸ್ಥರಾದ ಮಹಾಧಿಕಾರಿಯೇ ಕೊಡಬೇಕು. ಮೊದಲು ಗರಿಷ್ಠ 3 ವರ್ಷವಿತ್ತು, 2022ರ ತಿದ್ದುಪಡಿಯ ನಂತರ 5 ವರ್ಷ. ಆ ಅವಧಿಯಲ್ಲಿ ಮತ ಹಾಕುವ, ಆಯ್ಕೆಯಾಗುವ ಹಕ್ಕು ಇರುವುದಿಲ್ಲ. ಕೇಳಿದ್ದನ್ನು ನೋಡಿದರೆ ನಿಮಗೆ ಇದು ಬೇಕಿಲ್ಲ. ಬೇರೆ ಸಭೆಗೆ ಹೋಗುವ ದಾರಿಯೂ ಇದೆ, ಕನಿಷ್ಠ 3 ವರ್ಷದ ಪರೀಕ್ಷಾ ಕಾಲದೊಂದಿಗೆ. ಮೇಲೆ ಫಾದರ್ ಹೇಳಿದ ಐದನೇ ನಿಯಮ ಅಲ್ಲಿಗೇ ಹೆಚ್ಚು ಬೇಕಾಗುತ್ತದೆ.

ಹೇಳದೆ ಹೊರಟುಹೋಗುವುದು ಮಾತ್ರ ಬೇಡ. ಅನುಮತಿಯಿಲ್ಲದ ಗೈರು ಆರು ತಿಂಗಳಾದರೆ ವಜಾ ಪ್ರಕ್ರಿಯೆಗೆ ಕಾರಣವಾಗಬಹುದು. 2019ರಿಂದ, ಸತತ 12 ತಿಂಗಳಾದರೆ ಕಾನೂನಿನ ಬಲದಿಂದಲೇ ಸದಸ್ಯತ್ವ ಹೋಗುತ್ತದೆ. ತವರಿಗೆ ಹೋದವರು "ಇನ್ನೊಂದು ವಾರ" ಎಂದು ಮುಂದೂಡುತ್ತಾ ಇದರೊಳಗೆ ಸಿಲುಕುತ್ತಾರೆ.

ಪತ್ರ ಒಂದೇ ಪುಟ ಇರಲಿ. ಏನು ಕೇಳುತ್ತಿದ್ದೀರಿ ಅನ್ನುವುದು ಮೊದಲ ಸಾಲಿನಲ್ಲೇ ಬರಲಿ, ಮೂರನೇ ಪುಟದ ಕೊನೆಯಲ್ಲಲ್ಲ. ಆಮೇಲೆ ಕಾರಣ ಎರಡು ಮೂರು ವಾಕ್ಯದಲ್ಲಿ, ಎಲ್ಲಿ ಇರುತ್ತೀರಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಮಾರ್ಗದರ್ಶನ ಯಾರದು, ಅಂದಾಜು ಖರ್ಚು ಎಷ್ಟು, ನಿಮ್ಮ ಕೆಲಸವನ್ನು ಯಾರು ನೋಡಿಕೊಳ್ಳಬಹುದು. ಕೊನೆಯದನ್ನು ಬಿಟ್ಟರೆ ಸಲಹಾ ಮಂಡಳಿ ಪತ್ರವನ್ನು ಮುಂದಿನ ಮೀಟಿಂಗ್‌ಗೆ ತಳ್ಳುತ್ತದೆ. ಇತರರ ಮೇಲಿನ ದೂರು ಇದ್ದರೆ ಬೇರೆ ಪತ್ರದಲ್ಲಿ ಬರೆಯಿರಿ, ಇದರಲ್ಲಿ ಬೆರೆಸಿದರೆ ಚರ್ಚೆ ಅದರ ಮೇಲೇ ನಡೆಯುತ್ತದೆ. ಯಾವ ದಿನಾಂಕದೊಳಗೆ ಉತ್ತರ ಬೇಕು ಎಂದು ವಿನಯದಿಂದ ಕೇಳಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.